ಬಾವಲಿಯಂತೆ ತೂಗುವ ವೆಬ್‌ಕ್ಯಾಮ್: ಚಿತ್ರವನ್ನು ಎಲ್ಲಿ ತಿರುಗಿಸುವುದು?

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ಕ್ಯಾಮೆರಾ ಒಂದನ್ನು ಬಿಟ್ಟು ಎಲ್ಲವೂ ನೆಟ್ಟಗಿತ್ತು. ಮೊದಲ ವಿಡಿಯೊ ಕರೆಯಲ್ಲಿ ನಾನು ಬಾವಲಿಯ ಹಾಗೆ ಮೇಲಿನಿಂದ ತೂಗುತ್ತಿದ್ದೆ. ಚಾವಣಿಯ ಫ್ಯಾನು ನನ್ನ ತಲೆಯ ಕೆಳಗೆ ತಿರುಗುತ್ತಿತ್ತು.

ಇದರಲ್ಲಿ ಲಿನಕ್ಸಿನ ತಪ್ಪೇನೂ ಇಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾ ಮಾಡ್ಯೂಲನ್ನು ತಲೆಕೆಳಗಾಗಿಯೇ ಕೂರಿಸಿ, ವಿಂಡೋಸ್ ಡ್ರೈವರಿನಲ್ಲಿ ಚಿತ್ರ ತಿರುಗಿಸಿ ಕೈತೊಳೆದುಕೊಂಡಿರುತ್ತಾರೆ. ಯುಎಸ್‌ಬಿ ಕ್ಯಾಮೆರಾಗಳನ್ನು ನಡೆಸುವ ಲಿನಕ್ಸಿನ ಯುವಿಸಿವಿಡಿಯೊ ಡ್ರೈವರಾದರೋ ಕ್ಯಾಮೆರಾ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ದಾಟಿಸುತ್ತದೆ. ಹಾಗಾಗಿ ದಾರಿಯ ನಡುವೆ ಎಲ್ಲೋ ಒಂದು ಕಡೆ ನಾವೇ ತಿರುಗಿಸಬೇಕು. ಎಲ್ಲಿ ಎಂಬುದೇ ಪ್ರಶ್ನೆ.

ಕ್ಯಾಮೆರಾದಲ್ಲೇ ತಿರುಗಿಸಿಬಿಟ್ಟರೆ ಎಲ್ಲಕ್ಕಿಂತ ಸುಲಭ. ಕ್ಯಾಮೆರಾದ ಹೊಂದಿಕೆಗಳನ್ನು ಬದಲಿಸುವ ವಿ4ಎಲ್2-ಸಿಟಿಎಲ್ ಎಂಬ ಕಮಾಂಡನ್ನು ನಿಯಂತ್ರಣಗಳ ಪಟ್ಟಿ ಕೇಳಿದೆ. ಬೆಳಕು, ಕಾಂಟ್ರಾಸ್ಟ್, ಬಣ್ಣ ಎಲ್ಲವೂ ಬಂದವು, ಮಗುಚುವ ಗುಂಡಿ ಬರಲಿಲ್ಲ. ಬಹುತೇಕ ಯುವಿಸಿ (ಯುಎಸ್‌ಬಿ ಕ್ಯಾಮೆರಾಗಳ ಸಾಮಾನ್ಯ ಮಾನಕ) ಕ್ಯಾಮೆರಾಗಳ ಹಣೆಬರಹ ಇದೇ. ಆದರೂ ಎರಡು ನಿಮಿಷದ ಕೆಲಸ, ಮೊದಲು ನೋಡಿಬಿಡಿ.

ಎರಡನೆಯದು ಲಿಬ್‌ವಿ4ಎಲ್, ಅಪ್ಲಿಕೇಶನ್ನಿಗೂ ಕ್ಯಾಮೆರಾಕ್ಕೂ ನಡುವೆ ನಿಲ್ಲುವ ಲೈಬ್ರರಿ. ಇಂಥ ತಲೆಕೆಳಗಿನ ಲ್ಯಾಪ್‌ಟಾಪುಗಳ ಪಟ್ಟಿಯೊಂದು ಈ ಲೈಬ್ರರಿಯ ಒಳಗೇ ಇದೆ. ನಿಮ್ಮ ಮಾದರಿ ಅದರಲ್ಲಿದ್ದರೆ, ಎಲ್‌ಡಿ-ಪ್ರಿಲೋಡ್ (ಬೇರೆ ಲೈಬ್ರರಿಗಳಿಗಿಂತ ಮೊದಲು ಇದನ್ನು ತುಂಬಿಸುವ ಸೂಚನೆ) ಮೂಲಕ ಲೈಬ್ರರಿಯನ್ನು ಮುಂದಿಟ್ಟು ಅಪ್ಲಿಕೇಶನ್ ತೆರೆದರೆ ಸಾಕು. ನನ್ನದು ಇರಲಿಲ್ಲ. ಅದಕ್ಕೂ ಮದ್ದಿದೆ: ಲಿಬ್‌ವಿ4ಎಲ್‌ಕಂಟ್ರೋಲ್-ಫ್ಲ್ಯಾಗ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ (ಅಪ್ಲಿಕೇಶನ್ ತೆರೆಯುವಾಗ ಓದಿಕೊಳ್ಳುವ ಹೊಂದಿಕೆ) 3 ಎಂಬ ಬೆಲೆ ಕೊಡುವುದು. 1 ಎಂದರೆ ಎಡಬಲ, 2 ಎಂದರೆ ಮೇಲೆಕೆಳಗೆ, ಎರಡೂ ಸೇರಿ 3. ಹಗುರ, ಅಚ್ಚುಕಟ್ಟು. ಆದರೆ ಒಂದೊಂದು ಅಪ್ಲಿಕೇಶನ್ನಿಗೂ ಬೇರೆಬೇರೆಯಾಗಿ ಹೊಂದಿಸಬೇಕು. ಅಪ್ಲಿಕೇಶನ್ನನ್ನು ಪ್ರತ್ಯೇಕ ಡಬ್ಬಿಯಲ್ಲಿ ಕೊಡುವ ಫ್ಲಾಟ್‌ಪ್ಯಾಕ್, ಸ್ನ್ಯಾಪ್‌ಗಳ ಗೋಡೆಯೊಳಗೆ ಹೊರಗಿನ ಈ ಲೈಬ್ರರಿ ಕಾಣುವುದೇ ಇಲ್ಲ. ಬ್ರೌಸರ್ ಪೈಪ್‌ವೈರ್ ಎಂಬ ಮಧ್ಯವರ್ತಿ ಸೇವೆಯ ಮೂಲಕ ಕ್ಯಾಮೆರಾ ಕೇಳಿದರಂತೂ ಕ್ಯಾಮೆರಾ ತೆರೆಯುವುದು ಬ್ರೌಸರೇ ಅಲ್ಲ, ಪ್ರಿಲೋಡ್ ವ್ಯರ್ಥ.

ಇಲ್ಲೊಂದು ಮಾತು. ಮೊದಲ ಸಲ ನಾನು 2 ಮಾತ್ರ ಕೊಟ್ಟು, ಮುಖ ನೆಟ್ಟಗಾಯಿತೆಂದು ಹಿಗ್ಗಿದ್ದೆ. ಕಾಗದದ ಮೇಲೆ ದಪ್ಪಗೆ ‘ಕ’ ಬರೆದು ಹಿಡಿದಾಗ ಆಚೆ ಕಡೆಯವರಿಗೆ ಅದು ಕನ್ನಡಿಯೊಳಗಿನ ಅಕ್ಷರವಾಗಿ ಕಂಡಿತು. ಮೇಲೆಕೆಳಗೆ ಮಗುಚುವುದೂ 180 ಡಿಗ್ರಿ ತಿರುಗಿಸುವುದೂ ಒಂದಲ್ಲ. ನಿಮ್ಮ ಪರದೆಯನ್ನು ನಂಬಬೇಡಿ. ನಮ್ಮ ಚಿತ್ರವನ್ನು ನಮಗೆ ಕನ್ನಡಿಯಂತೆ ತೋರಿಸುವುದು ಕರೆ ಅಪ್ಲಿಕೇಶನ್‌ಗಳ ಚಾಳಿ. ಆಚೆಯವರನ್ನೇ ಕೇಳಿ.

ವಿಡಿಯೊ ರೆಕಾರ್ಡಿಂಗ್, ನೇರಪ್ರಸಾರಗಳ ತಂತ್ರಾಂಶ ಒಬಿಎಸ್ ಸ್ಟುಡಿಯೊ ಮೂರನೆಯದು. ಕ್ಯಾಮೆರಾ ಸೇರಿಸಿ, ಬಲಗುಂಡಿ ಒತ್ತಿ, 180 ಡಿಗ್ರಿ ತಿರುಗಿಸಿ, ವರ್ಚುವಲ್ ಕ್ಯಾಮೆರಾ ಚಾಲೂ ಮಾಡಿದರೆ ಮುಗಿಯಿತು. ಕಮಾಂಡ್ ಲೈನ್ ಕಂಡರೆ ಹಿಂಜರಿಯುವವರಿಗೆ ಇದನ್ನೇ ಹೇಳುತ್ತೇನೆ. ನನಗೆ ಮಾತ್ರ ಸೊಳ್ಳೆಗೆ ಕೊಡಲಿ ಎತ್ತಿದಂತಾಯಿತು: ಬರಿಯ ಮುಖ ತಿರುಗಿಸಲು ಇಡೀ ಸ್ಟುಡಿಯೊ ತೆರೆದಿರಬೇಕು, ಹಳೆಯ ಯಂತ್ರ ಏದುಸಿರು ಬಿಡುತ್ತದೆ.

ನಾನು ಉಳಿಸಿಕೊಂಡದ್ದು ನಾಲ್ಕನೆಯದನ್ನು. ಒಬಿಎಸ್‌ನ ವರ್ಚುವಲ್ ಕ್ಯಾಮೆರಾಕ್ಕೂ ಅಡಿಪಾಯವಾಗಿರುವ ವಿ4ಎಲ್2ಲೂಪ್‌ಬ್ಯಾಕ್ ಎಂಬ ಕರ್ನಲ್ ಮಾಡ್ಯೂಲ್ (ಲಿನಕ್ಸಿನ ತಿರುಳಿಗೆ ಸೇರಿಸುವ ತುಣುಕು) ಸುಳ್ಳು ಕ್ಯಾಮೆರಾ ಒಂದನ್ನು ಸೃಷ್ಟಿಸುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಕ ನಿಜವಾದ ಕ್ಯಾಮೆರಾದ ಚಿತ್ರವನ್ನು ಎಚ್‌ಫ್ಲಿಪ್ (ಎಡಬಲ), ವಿಫ್ಲಿಪ್ (ಮೇಲೆಕೆಳಗೆ) ಎರಡರಿಂದಲೂ ಮಗುಚಿ ಅದಕ್ಕೆ ಸುರಿಯುತ್ತದೆ. ಒಮ್ಮೆ ಹೊಂದಿತೆಂದರೆ ಯಾವ ಅಪ್ಲಿಕೇಶನ್ ಆದರೂ ಸರಿ. ಹೊಂದಿಸುವಷ್ಟರಲ್ಲಿ ಮಾತ್ರ ಒಂದು ಸಂಜೆ ಹೋಯಿತು. ಮೊದಲು ಕ್ರೋಮಿಯಮ್ ಬ್ರೌಸರಿಗೆ ಸುಳ್ಳು ಕ್ಯಾಮೆರಾ ಕಾಣಲೇ ಇಲ್ಲ. ಮಾಡ್ಯೂಲಿಗೆ ಎಕ್ಸ್‌ಕ್ಲೂಸಿವ್-ಕ್ಯಾಪ್ಸ್ (ತಾನು ಬರಿಯ ಕ್ಯಾಮೆರಾ ಎಂದು ಹೇಳಿಕೊಳ್ಳುವ) ಆಯ್ಕೆ 1 ಆಗಿರಬೇಕಿತ್ತು. ಕಂಡ ಮೇಲೆ ಚಿತ್ರ ಕುಂಟುತ್ತಿತ್ತು. ಎಫ್‌ಎಫ್‌ಎಂಪೆಗ್ ಕ್ಯಾಮೆರಾದಿಂದ ಕುಗ್ಗಿಸದ ಕಚ್ಚಾ ಚಿತ್ರ ಕೇಳುತ್ತಿದ್ದುದೇ ಕಾರಣ: 720ಪಿ ಗಾತ್ರದ ಕಚ್ಚಾ ಚಿತ್ರವನ್ನು ಸೆಕೆಂಡಿಗೆ 30ರಂತೆ ಸಾಗಿಸುವುದು ಯುಎಸ್‌ಬಿ 2.0ರ ಕೈಲಾಗದ ಮಾತು. ಇನ್‌ಪುಟ್ ಎಂಜೆಪೆಗ್ (ಕುಗ್ಗಿಸಿದ ಚಿತ್ರ) ಎಂದು ಸೂಚಿಸಿದ ಕೂಡಲೇ ಓಟ ಸರಾಗವಾಯಿತು. ಔಟ್‌ಪುಟ್ಟಿಗೆ ವೈಯುವಿ420ಪಿ ಎಂಬ ಬಣ್ಣದ ನಮೂನೆ ಬರೆಯುವುದನ್ನೂ ಮರೆಯಬೇಡಿ. ನಾನು ಮರೆತಾಗ ಬ್ರೌಸರಿನಲ್ಲಿ ಕಂಡದ್ದು ಕಪ್ಪು ಚೌಕ.

ಇದಕ್ಕೂ ರಗಳೆಗಳಿವೆ. ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಡಿಕೆಎಂಎಸ್ ಎಂಬ ಸಲಕರಣೆ ಇದ್ದರೆ ಅದು ತಾನಾಗಿ ಆಗುತ್ತದೆ. ಸಹಿಯಾದ ತಂತ್ರಾಂಶವನ್ನಷ್ಟೇ ನಂಬುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಕರೆಯಲ್ಲಿ ಅಪ್ಪಿತಪ್ಪಿ ನಿಜವಾದ ಕ್ಯಾಮೆರಾ ಆರಿಸಿದರೆ ‘ಬೇರೆಯವರು ಬಳಸುತ್ತಿದ್ದಾರೆ’ ಎಂಬ ಉತ್ತರ ಬರುತ್ತದೆ. ಆ ಬೇರೆಯವರು ಎಫ್‌ಎಫ್‌ಎಂಪೆಗ್ ಅವರೇ.

ಈಗ ಎರಡು ಸಾಲಿನ ಸ್ಕ್ರಿಪ್ಟ್ ಇದೆ. ಮೊದಲು ಅದು, ಆಮೇಲೆ ಬ್ರೌಸರ್. ಹಿಂದುಮುಂದಾದರೆ ಸುಳ್ಳು ಕ್ಯಾಮೆರಾ ಪಟ್ಟಿಗೆ ಬರುವುದಿಲ್ಲ. ಕರೆ ಮುಗಿದ ಮೇಲೆ ಸ್ಕ್ರಿಪ್ಟನ್ನು ನಿಲ್ಲಿಸುವುದು ಆಗಾಗ ಮರೆತುಹೋಗುತ್ತದೆ, ಕ್ಯಾಮೆರಾದ ಪುಟ್ಟ ದೀಪ ಉರಿಯುತ್ತಲೇ ಇರುತ್ತದೆ.