ತೊಳಿಲುರಪ್ಪು: ಮೂರು ವರ್ಷ ಪಿಕ್ಕಾಸು ಹಿಡಿದವನ ಅಭಿಪ್ರಾಯ

2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ಕೇರಳ, ಕರ್ನಾಟಕಗಳ ನಡುವಿನ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಬಟ್ಟೆ ಅಂಗಡಿಯಲ್ಲಿದ್ದ ನನ್ನ ಕೆಲಸವೂ ಅದರ ಜೊತೆಗೇ ಹೋಯಿತು. ಹದಿನಾಲ್ಕು ವರ್ಷ ಗಡಿಯ ಈಚೆ ಕೇರಳದ ಉಪ್ಪಳದಿಂದ ಬಸ್ಸು ಹತ್ತಿ ಹೋಗಿ ಸೀರೆ ಬಿಡಿಸಿ ತೋರಿಸಿದ್ದೆ, ಮಡಚಿಟ್ಟಿದ್ದೆ. ಬೇರೆ ಕೆಲಸ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಉದ್ಯೋಗ ಖಾತರಿ ಕಾರ್ಡ್ ಇತ್ತು. ನಮ್ಮ ಕಡೆ ಕನ್ನಡದಲ್ಲಿ ಮಾತನಾಡುವಾಗಲೂ ಆ ಯೋಜನೆಗೆ ಮಲೆಯಾಳದ ‘ತೊಳಿಲುರಪ್ಪು’ ಎಂದೇ ಹೆಸರು. ಕಾರ್ಡಿಗೆ ನನ್ನ ಹೆಸರನ್ನೂ ಸೇರಿಸಿದೆವು. ಮೇ ತಿಂಗಳಲ್ಲಿ ಕೆಲಸಕ್ಕೆ ಇಳಿದಾಗ ಇಪ್ಪತ್ತೊಂದು ಹೆಂಗಸರ ನಡುವೆ ನಾನೊಬ್ಬನೇ ಗಂಡಸು.

ಕೂತು ಹರಟುವವರಿಗೆ ಸರಕಾರ ಹಣ ಸುರಿಯುತ್ತಿದೆ ಎಂಬ ಮಾತನ್ನು ಅಂಗಡಿಯಲ್ಲಿ ನಾನೂ ಎಷ್ಟೋ ಸಲ ಆಡಿದ್ದೆ. ಅದು ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಗುಡ್ಡದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮೀಟರ್ ಆಳ. ಕೇಳುವುದಕ್ಕೆ ಸುಲಭ. ಆದರೆ ನಮ್ಮದು ಮುರಕಲ್ಲಿನ ಗುಡ್ಡ, ಬಿಸಿಲಿಗೆ ಒಣಗಿದರೆ ಕಬ್ಬಿಣದ ಹಾಗೆ. ನಾನು ಬಲವೆಲ್ಲ ಹಾಕಿ ಹೊಡೆದರೆ ಪಿಕ್ಕಾಸು ಠಣ್ಣೆಂದು ಪುಟಿದು ಮೊಣಕೈವರೆಗೆ ನೋವು ಏರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅರುವತ್ತು ದಾಟಿದ ಅಕ್ಕ ಒಬ್ಬರು ಪಕ್ಕಕ್ಕೆ ಬಂದು, “ತಮ್ಮಾ, ನೀನು ಹೊಡೆಯಬೇಡ. ಎತ್ತಿ ಬಿಡು, ಅದರ ಭಾರಕ್ಕೆ ಅದೇ ಕಚ್ಚುತ್ತದೆ” ಎಂದರು. ಸಂಜೆ ಎಲ್ಲರೂ ಹೊರಟ ಮೇಲೆ ಅವರು ಮರುದಿನದ ಗುಂಡಿಗೆ ಗುರುತು ಹಾಕಿದ ಜಾಗಕ್ಕೆ ಎರಡು ಕೊಡ ನೀರು ಹೊಯ್ದು ಹೋದರು. ಬೆಳಿಗ್ಗೆ ನೋಡಿದರೆ ಕಲ್ಲು ಮೆತ್ತಗಾಗಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅದಕ್ಕೆ ಕೂಲಿಯೂ ಇರಲಿಲ್ಲ. ಹರಟೆ ಇತ್ತು, ನಿಜ. ಗಂಜಿ ಉಣ್ಣುವ ಹೊತ್ತಿಗೆ ಇತ್ತು, ಕೈ ಆಡುತ್ತಿರುವಾಗಲೂ ಇತ್ತು. ಕೊನೆಗೆ ಓವರ್‌ಸಿಯರ್ ಟೇಪು ಹಿಡಿದು ಅಳೆಯುವುದು ಗುಂಡಿಯನ್ನು. ಅಳತೆ ಕಡಿಮೆಯಾದರೆ ಕೂಲಿಯೂ ಕಡಿಮೆ.

ಆ ವರ್ಷ ಕೇರಳದಲ್ಲಿ ದಿನದ ಕೂಲಿ 291 ರೂಪಾಯಿ, ಗಡಿಯಾಚೆ ಕರ್ನಾಟಕದಲ್ಲಿ 275. ಅಡಿಕೆ ತೋಟಕ್ಕೆ ಹೋದರೆ ಗಂಡಾಳಿಗೆ ಇದರ ಎರಡು ಪಾಲಿಗಿಂತ ಹೆಚ್ಚು ಸಿಗುತ್ತಿತ್ತು. ಆದರೆ ಆಗ ಕರೆಯುವವರು ಎಲ್ಲಿದ್ದರು? ತೊಳಿಲುರಪ್ಪಿನಲ್ಲಿ ಕೆಲಸ ಕೇಳುವುದು ಹಕ್ಕಾಗಿತ್ತು. ಆಗಿನ 2005ರ ಉದ್ಯೋಗ ಖಾತರಿ ಕಾಯಿದೆಯ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಯಾರ ಮನೆ ಅಂಗಳದಲ್ಲೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಆ ದಿನಗಳಲ್ಲಿ ನನಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರಲಿಲ್ಲ.

ಕೊರತೆಗಳು ಸಣ್ಣವಾಗಿರಲಿಲ್ಲ. ಆಗ ವರ್ಷಕ್ಕೆ 100 ದಿನ ಎಂದಿದ್ದದ್ದು ಮನೆಗೆ, ಆಳಿಗಲ್ಲ. ಗಂಡ ಹೆಂಡತಿ ಇಬ್ಬರೂ ಹೋದರೆ ಐವತ್ತು ದಿನಕ್ಕೆ ಮುಗಿಯಿತು. ಕೂಲಿ 15 ದಿನದೊಳಗೆ ಖಾತೆಗೆ ಬರಬೇಕಿತ್ತು, 2022ರ ಕೊನೆಗೆ ನಮಗೆ ಎರಡೂವರೆ ತಿಂಗಳು ಬರಲಿಲ್ಲ. ತಡವಾದರೆ ದಿನಕ್ಕೆ ಶೇಕಡಾ 0.05 ಪರಿಹಾರ ಎಂದು ನಿಯಮವಿತ್ತು. ಆಗಿನ 311 ರೂಪಾಯಿ ಕೂಲಿಗೆ ಅದು ಹದಿನಾರು ಪೈಸೆಯೂ ಆಗುವುದಿಲ್ಲ. ದಿನಸಿ ಅಂಗಡಿಯ ಸಾಲದ ಪುಸ್ತಕ ಹದಿನಾರು ಪೈಸೆಗೆ ಕಾಯುತ್ತದೆಯೇ? 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ತೆಗೆದು ಹಾಜರಿ ಹಾಕಬೇಕಾಯಿತು. ತೋಡಿನ, ಅಂದರೆ ಹಳ್ಳದ, ಬದಿಯಲ್ಲಿ ನೆಟ್‌ವರ್ಕ್ ಇಲ್ಲದೆ ಹಾಜರಿ ನೋಡಿಕೊಳ್ಳುವ ನಮ್ಮ ಮೇಟ್ ಗುಡ್ಡ ಹತ್ತಿ ಇಳಿಯುವುದರಲ್ಲೇ ಹೈರಾಣಾದರು. ಅರ್ಜಿ ನಮೂನೆ ಮಲೆಯಾಳದಲ್ಲಿ ಮಾತ್ರ ಸಿಕ್ಕಿತು. 1969ರ ಕೇರಳದ ಭಾಷಾ ಕಾಯಿದೆ ಇಲ್ಲಿಯ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿತ್ತು, ಆದ್ದರಿಂದ ಇದು ನನ್ನನ್ನು ಇನ್ನೂ ಚುಚ್ಚುತ್ತದೆ.

ಇನ್ನು ಸರಕಾರದ ಖರ್ಚಿನ ಮಾತು. 2020ರ ಬಜೆಟ್ಟಿನಲ್ಲಿ ಕೇಂದ್ರ 61,500 ಕೋಟಿ ಇಟ್ಟಿತ್ತು, ಊರಿಗೆ ಮರಳಿದವರ ಸಂಖ್ಯೆ ಏರಿದಾಗ ಮೇಯಲ್ಲಿ ಇನ್ನೂ 40,000 ಕೋಟಿ ಸೇರಿಸಿತು. ಕಷ್ಟ ಹೆಚ್ಚಿದ ವರ್ಷ ಖರ್ಚು ಹೆಚ್ಚಬೇಕಾದದ್ದೇ. ಗುತ್ತಿಗೆದಾರರನ್ನು ಇಳಿಸುವಂತಿರಲಿಲ್ಲ, ಜೆಸಿಬಿ ತರುವಂತಿರಲಿಲ್ಲ. ಹಾಗಾಗಿ ಆ ಹಣ ನಮ್ಮ ಮೇಳದ ಇಪ್ಪತ್ತೆರಡು ಖಾತೆಗಳಿಗೆ ಬಂತು, ಅಲ್ಲಿಂದ ಉಪ್ಪಳದ ಅಕ್ಕಿ ಅಂಗಡಿಗೆ ಹೋಯಿತು.

ನವೆಂಬರಿನಲ್ಲಿ ತೋಡಿಗೆ ಅಡ್ಡ ಮಣ್ಣು, ಕಲ್ಲು ಪೇರಿಸಿ ಕಟ್ಟ ಕಟ್ಟಿದೆವು. ಮಾರ್ಚಿಗೇ ತಳ ಕಾಣುತ್ತಿದ್ದ ನಮ್ಮ ನೆರೆಯವರ ಬಾವಿಯಲ್ಲಿ ಮರುವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬದ ದಿನವೂ ಕೊಡ ಮುಳುಗುತ್ತಿತ್ತು.

ಕೆಲಸ ಬೇಕಾದವರಿಗೆ ಒಂದು ಮಾತು: ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿಯನ್ನು ಬರೆದು ಕೊಡಿ, ತಾರೀಕು ಹಾಕಿದ ರಶೀದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡಿ. ರಶೀದಿ ಇಲ್ಲದಿದ್ದರೆ 15 ದಿನ ಯಾವಾಗ ಶುರುವಾಯಿತು ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.