ವ್ಯಾಕ್ಸ್, ಸೀಲಂಟ್, ಸೆರಾಮಿಕ್: ಒಂದೇ ಬಾನೆಟ್ ಮೇಲೆ ಮೂರನ್ನೂ ಹಚ್ಚಿ ನೋಡಿದಾಗ

ಕಪ್ಪು ಕಾರಿನ ಬಾನೆಟ್ಟನ್ನು ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಾಲು ಮಾಡಿಕೊಂಡೆವು. ಎಡಕ್ಕೆ ಕಾರ್ನೌಬಾ ವ್ಯಾಕ್ಸ್ (ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ), ನಡುವೆ ಸಿಂಥೆಟಿಕ್ ಸೀಲಂಟ್ (ಪಾಲಿಮರಿನ ರಕ್ಷಣಾ ಪದರ), ಬಲಕ್ಕೆ ಸೆರಾಮಿಕ್ ಕೋಟಿಂಗ್ (ಗಾಜಿನಂತೆ ಗಟ್ಟಿಯಾಗುವ ದ್ರವ ಲೇಪನ). ಟೇಪ್ ಕಿತ್ತ ದಿನ ಯಾವುದು ಯಾವುದೆಂದು ಹೇಳುವುದೇ ಕಷ್ಟವಾಗಿತ್ತು. ಹೊಳಪಿನ ಬಹುಪಾಲು ಬರುವುದು ಕೆಳಗಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿರುವ ಪಾರದರ್ಶಕ ಪದರ) ಎಷ್ಟು ನುಣುಪಾಗಿದೆ ಅನ್ನುವುದರಿಂದ. ಮೇಲೆ ಹಚ್ಚಿದ್ದು ಆ ನುಣುಪನ್ನು ಕಾಯುತ್ತದೆ, ಅಷ್ಟೇ. ಮೂರರ ನಿಜವಾದ ಗುಣ ತಿಳಿಯುವುದು ಬಿಸಿಲು, ಮಳೆ, ಹಕ್ಕಿ ಹಿಕ್ಕೆ ತಾಗುತ್ತಾ ಹೋದಂತೆ. ಮೂರೂ ಪಾಲಿಗೆ ಒಂದೇ ಶಾಂಪೂ, ಒಂದೇ ಬಟ್ಟೆ, ಒಂದೇ ಪಾರ್ಕಿಂಗ್ ಜಾಗ.

ಹಚ್ಚುವ ಮೊದಲು

ಫಲಿತಾಂಶದ ಅರ್ಧಕ್ಕಿಂತ ಹೆಚ್ಚು ಇಲ್ಲೇ ತೀರ್ಮಾನವಾಗುತ್ತದೆ. ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿ ನೋಡಿ. ಬರಿಗೈಗೆ ನಯವೆನಿಸಿದ ಜಾಗದಲ್ಲೂ ಚೀಲದ ಮೂಲಕ ಸಣ್ಣ ಸಣ್ಣ ಕಾಳುಗಳು ತಾಗುತ್ತವೆ. ಅವು ಬ್ರೇಕ್ ಧೂಳಿನಿಂದ ಬಂದು ಕಚ್ಚಿಕೊಂಡ ಕಬ್ಬಿಣದ ಕಣಗಳು, ಡಾಂಬರಿನ ಚುಕ್ಕೆಗಳು, ಮರದ ಅಂಟು. ಐರನ್ ರಿಮೂವರ್ ಸಿಂಪಡಿಸಿದರೆ ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದ ಜೊತೆ ಸೇರಿ ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣದ ಗೆರೆಗಳು ಇಳಿಯುತ್ತವೆ. ನೆರಳಿನಲ್ಲಿ, ತಣ್ಣಗಿರುವ ಪ್ಯಾನೆಲ್ ಮೇಲೆ ಮಾತ್ರ ಹಾಕಿ, ಒಣಗಲು ಬಿಡದೆ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್ (ಕಚ್ಚಿಕೊಂಡ ಕೊಳೆಯನ್ನು ಎಳೆದು ತೆಗೆಯುವ, ಜೇಡಿಯಂಥ ಮೆದು ಉಂಡೆ). ಲೂಬ್ರಿಕಂಟ್ ಧಾರಾಳವಾಗಿರಲಿ, ಒತ್ತಡ ಬೆರಳ ತುದಿಯಷ್ಟೇ ಇರಲಿ. ಕ್ಲೇ ನೆಲಕ್ಕೆ ಬಿದ್ದರೆ ತೊಳೆದು ಮತ್ತೆ ಬಳಸಬೇಡಿ, ಎಸೆಯಿರಿ. ಒಳಗೆ ಸೇರಿದ ಒಂದು ಮರಳ ಕಣ ಸಾಕು, ಇಡೀ ಪ್ಯಾನೆಲ್ ಗೀರಾಗುತ್ತದೆ.

ಪಾಲಿಶ್ ಬೇಕೇ ಬೇಕು ಅಂತಿಲ್ಲ. ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್. ಕಟಿಂಗ್ ಕಾಂಪೌಂಡ್ (ಒರಟು ಪಾಲಿಶ್) ಪ್ರತಿ ಸಲ ಅದರಲ್ಲಿ ಒಂದೆರಡು ಮೈಕ್ರಾನ್ ತೆಗೆಯುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಅಂಶಗಳು ಇರುವುದೂ ಆ ಪದರದಲ್ಲೇ. ಸುರುಳಿ ಗೀರುಗಳು ಕಣ್ಣಿಗೆ ಹೊಡೆಯುತ್ತಿದ್ದರೆ ಮೆತ್ತನೆಯ ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಒಂದು ಸುತ್ತು, ಅಷ್ಟಕ್ಕೇ ನಿಲ್ಲಿಸಿ.

ಪಾಲಿಶ್ ಮಾಡಿದ ಮೇಲೆ ಉಳಿಯುವ ಎಣ್ಣೆಯ ವಿಷಯದಲ್ಲೇ ಮೂರರ ಮೊದಲ ವ್ಯತ್ಯಾಸ ಇದೆ. ವ್ಯಾಕ್ಸ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸೀಲಂಟ್ ಸ್ವಲ್ಪ ಸಹಿಸುತ್ತದೆ, ಆದರೆ ಬಾಳಿಕೆ ಕಡಿಮೆಯಾಗುತ್ತದೆ. ಸೆರಾಮಿಕ್ ಮಾತ್ರ ಒಂಚೂರು ಎಣ್ಣೆಯನ್ನೂ ಒಪ್ಪುವುದಿಲ್ಲ, ಅಂಟುವುದೇ ಇಲ್ಲ. ಪ್ಯಾನೆಲ್ ವೈಪ್ (ಎಣ್ಣೆ ತೆಗೆಯುವ ದ್ರವ) ಅಥವಾ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡು ಸಲ ಒರೆಸದೆ ಸೆರಾಮಿಕ್ ಬಾಟಲಿ ತೆರೆಯಲೇಬೇಡಿ.

ಮೂರರ ನಡತೆ

ವ್ಯಾಕ್ಸ್ ಹಚ್ಚುವುದು ಸುಲಭ, ಸಂತೋಷದ ಕೆಲಸವೂ ಹೌದು. ಫೋಮ್ ಪ್ಯಾಡಿಗೆ ಬಟಾಣಿಯಷ್ಟು ತೆಗೆದುಕೊಂಡು ತೆಳುವಾಗಿ ಹರಡಿ, ಐದರಿಂದ ಹತ್ತು ನಿಮಿಷ ಬಿಡಿ. ಬೆರಳಿಂದ ಒಂದು ಗೆರೆ ಎಳೆದಾಗ ಮಸುಕದೆ ಸ್ವಚ್ಛವಾಗಿ ಬಂದರೆ ಒರೆಸಬಹುದು. ಬಿಸಿಲಲ್ಲಿ ಹಚ್ಚಿದರೆ ಗೋಂದಿನ ಹಾಗೆ ಎಳೆಯುತ್ತದೆ. ಕಪ್ಪು ಪ್ಲಾಸ್ಟಿಕ್ ಟ್ರಿಮ್ಮಿಗೆ ತಾಗಿದರೆ ಒಣಗಿ ಬಿಳಿ ಕಲೆಯಾಗಿ ಕೂರುತ್ತದೆ, ಆದ್ದರಿಂದ ಅಂಚಿಗೆ ಟೇಪ್ ಹಾಕಿಕೊಳ್ಳಿ. ಕಡು ಬಣ್ಣದ ಮೇಲೆ ಇದರ ಹೊಳಪಿಗೆ ಒಂದು ಆಳ ಇದೆ, ಅದನ್ನು ಮೆಚ್ಚಲೇಬೇಕು. ಆದರೆ ಕಾರ್ನೌಬಾ ಕರಗುವುದೇ ಸುಮಾರು 82–86 ಡಿಗ್ರಿ ಸೆಲ್ಸಿಯಸ್‌ಗೆ, ಡಬ್ಬಿಯಲ್ಲಿರುವುದೋ ಎಣ್ಣೆ, ದ್ರಾವಕ ಬೆರೆಸಿ ಮೆದು ಮಾಡಿದ್ದು. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್, ಕೆಳಗೆ ಎಂಜಿನ್ನಿನ ಕಾವು: ನಾಲ್ಕರಿಂದ ಎಂಟು ವಾರದೊಳಗೆ ಎಡಪಾಲಿನ ಮೇಲೆ ನೀರು ಹನಿಗಟ್ಟದೆ ಹರಡಿಕೊಳ್ಳುವುದಕ್ಕೆ ಶುರುವಾಗುತ್ತದೆ. ಹಕ್ಕಿ ಹಿಕ್ಕೆಗೆ ಮೊದಲು ಸೋಲುವುದೂ ಇದೇ.

ಸೀಲಂಟ್ ಅಷ್ಟೇ ಸುಲಭ, ಇನ್ನೂ ಕಡಿಮೆ ಸಾಕು. ಪದರ ಕಣ್ಣಿಗೆ ಕಾಣುವಷ್ಟು ದಪ್ಪವಾಯಿತು ಅಂದರೆ ವ್ಯರ್ಥವಾಯಿತು ಅಂತಲೇ ಅರ್ಥ, ಒರೆಸುವಾಗ ಗೆರೆಗಳೂ ಉಳಿಯುತ್ತವೆ. ಒರೆಸಿದ ಮೇಲೆ ಕನಿಷ್ಠ 12 ಗಂಟೆ ನೀರು ತಾಗಿಸಬೇಡಿ. ಪಾಲಿಮರ್ ಗಟ್ಟಿಯಾಗುವುದು ಆಗಲೇ. ಎರಡನೇ ಪದರ ಹಾಕುವುದಿದ್ದರೆ ಅದರ ನಂತರ. ಹೊಳಪು ಕನ್ನಡಿಯಂತೆ ತೀಕ್ಷ್ಣ, ಬಿಳಿ ಮತ್ತು ಬೆಳ್ಳಿ ಬಣ್ಣಕ್ಕೆ ವ್ಯಾಕ್ಸಿಗಿಂತ ಚೆನ್ನಾಗಿ ಒಪ್ಪುತ್ತದೆ. ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ವ್ಯಾಕ್ಸಿನ ಆಳವೂ ಬೇಕೆನ್ನುವವರು ಸೀಲಂಟಿನ ಮೇಲೆ ವ್ಯಾಕ್ಸ್ ಹಚ್ಚಬಹುದು. ತಿರುಗಾಮುರುಗಾ ಮಾಡಿದರೆ ಸೀಲಂಟಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಸೆರಾಮಿಕ್ ಕೋಟಿಂಗ್ ಬೇರೆಯೇ ಜಾತಿ. ಒಂದು ಮಧ್ಯಮ ಗಾತ್ರದ ಕಾರಿಗೆ 30 ಮಿಲಿಯ ಒಂದು ಬಾಟಲಿ ಸಾಕಾಗುತ್ತದೆ. ಸ್ವೇಡ್ ಬಟ್ಟೆ ಸುತ್ತಿದ ಬ್ಲಾಕಿಗೆ ಕೆಲವು ಹನಿ ಬಿಟ್ಟು, ಒಂದು ಸಲಕ್ಕೆ ಎರಡಡಿ ಚೌಕದಷ್ಟು ಜಾಗವನ್ನು ಮೊದಲು ಅಡ್ಡ, ಆಮೇಲೆ ಉದ್ದ ಎಳೆಯಬೇಕು. ಒಂದರಿಂದ ಮೂರು ನಿಮಿಷದಲ್ಲಿ ಮೇಲ್ಮೈ ಮೇಲೆ ಕಾಮನಬಿಲ್ಲಿನ ಬಣ್ಣ ಏಳುತ್ತದೆ. ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಆಗ ಒಂದು ಬಟ್ಟೆಯಲ್ಲಿ ಸಮ ಮಾಡಿ, ಇನ್ನೊಂದರಲ್ಲಿ ಒರೆಸಬೇಕು. ಎಲ್ಲಾದರೂ ಒರೆಸುವುದು ತಪ್ಪಿದರೆ ಅಲ್ಲಿ ಎಣ್ಣೆ ಮೆತ್ತಿದಂಥ ಕಪ್ಪು ಛಾಯೆ ಉಳಿಯುತ್ತದೆ. ಇದನ್ನೇ ಹೈ ಸ್ಪಾಟ್ ಅನ್ನುತ್ತಾರೆ. ಆ ಹೊತ್ತಿಗೇ ಸಿಕ್ಕರೆ ಅದೇ ದ್ರವದ ಇನ್ನೊಂದು ಹನಿ ಹಚ್ಚಿ ಒರೆಸಿದರೆ ಹೋಗುತ್ತದೆ, ಗಟ್ಟಿಯಾದ ಮೇಲೆ ಪಾಲಿಶ್ ಮಾಡಿಯೇ ತೆಗೆಯಬೇಕು. ಮೇಲಿನ ಲೈಟಿನಲ್ಲಿ ಇದು ಕಾಣುವುದಿಲ್ಲ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒರೆಸಿದ ಬಟ್ಟೆಗಳನ್ನು ಮತ್ತೆ ಪೇಂಟಿಗೆ ತಾಗಿಸಬೇಡಿ, ಕೋಟಿಂಗ್ ನೂಲಿನಲ್ಲೇ ಗಾಜಿನಂತೆ ಗಟ್ಟಿಯಾಗಿರುತ್ತದೆ. ಮೊದಲ 24 ಗಂಟೆ ನೀರು ಬೇಡ, ಒಂದು ವಾರ ಶಾಂಪೂ ಬೇಡ.

ಬಾಟಲಿ ಮೇಲಿನ 9ಎಚ್ ನೋಡಿ ಮರುಳಾಗಬೇಡಿ. ಅದು ಪೆನ್ಸಿಲ್ ಗಡಸುತನದ ಅಳತೆ, ವಜ್ರವನ್ನು 10 ಎಂದು ಎಣಿಸುವ ಮೋಸ್ ಅಳತೆಗೂ ಅದಕ್ಕೂ ಸಂಬಂಧವಿಲ್ಲ. ಕಲ್ಲೇಟನ್ನಾಗಲಿ, ಕೊಳಕು ಬಟ್ಟೆಯ ಗೀರನ್ನಾಗಲಿ ಇದು ತಡೆಯುವುದಿಲ್ಲ.

ಬಲಪಾಲಿನ ನಿಜವಾದ ತೊಂದರೆ ನೀರಿನ ಕಲೆ. ಸೆರಾಮಿಕ್ ಮೇಲೆ ಹನಿಗಳು ಗುಂಡಗೆ, ಎತ್ತರವಾಗಿ ನಿಲ್ಲುತ್ತವೆ. ಗಡಸು ನೀರಿನ ಹನಿ ಬಿಸಿಲಿಗೆ ಆರಿದರೆ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಒಂದೇ ಬಿಂದುವಿನಲ್ಲಿ ಉಂಗುರ ಕಟ್ಟುತ್ತದೆ. ಮೂರು ಪಾಲಿನಲ್ಲಿ ಉಂಗುರಗಳು ಅತಿ ಸ್ಪಷ್ಟವಾಗಿ ಕಂಡದ್ದು ಇಲ್ಲೇ. ಬಿಳಿ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ ಒಂದು ನಿಮಿಷ ಇಟ್ಟು ತೊಳೆದರೆ ಹೊಸ ಕಲೆ ಹೋಗುತ್ತದೆ. ಹಳೆಯದು ಪದರವನ್ನೇ ಕೊರೆದಿರುತ್ತದೆ. ಇನ್ನೊಂದು ಮಾತು: ಸೆರಾಮಿಕ್ ಮೇಲೆ ನೀರು ಹನಿಗಟ್ಟುವುದು ನಿಂತರೆ ಅದು ಸವೆದುಹೋಯಿತು ಎಂದುಕೊಳ್ಳಬೇಡಿ. ಹಲವು ಸಲ ಮೇಲೆ ಕೊಳೆಯ ಪೊರೆ ಕೂತಿರುತ್ತದೆ ಅಷ್ಟೇ, ಐರನ್ ರಿಮೂವರ್ ಒಂದು ಸುತ್ತು ಹಾಕಿದರೆ ಹನಿಗಳು ಮರಳಿ ಏಳುತ್ತವೆ.

ಹಾಗಾಗಿ ಬಯಲಲ್ಲಿ ನಿಲ್ಲುವ, ದಿನವೂ ಓಡುವ ಕಾರಿಗೆ ನಮ್ಮ ಓಟು ಸೀಲಂಟಿಗೇ. ನೆರಳಿನ ಜಾಗ ಇದ್ದು, ತೊಳೆದ ಕೂಡಲೇ ಒರೆಸುವ ಶಿಸ್ತು ಇದ್ದವರಿಗೆ ಸೆರಾಮಿಕ್ ಅದರ ಶ್ರಮಕ್ಕೆ ತಕ್ಕದ್ದನ್ನು ಕೊಡುತ್ತದೆ. ಅಪರೂಪಕ್ಕೆ ಹೊರಬರುವ ಕಡು ಬಣ್ಣದ ಕಾರಿಗೆ ವ್ಯಾಕ್ಸ್.

ತೊಳೆಯುವುದು: ಎರಡು ಬಕೆಟ್ಟೋ, ರಿನ್ಸ್‌ಲೆಸ್ಸೋ

ಕೆಸರು, ಮರಳು ಮೆತ್ತಿದ್ದರೆ ಎರಡು ಬಕೆಟ್ ಬಿಟ್ಟು ಬೇರೆ ಮಾತಿಲ್ಲ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಎರಡರ ತಳದಲ್ಲೂ ಗ್ರಿಟ್ ಗಾರ್ಡ್ (ಮರಳನ್ನು ತಳದಲ್ಲೇ ಉಳಿಸುವ ಜಾಲರಿ). ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ. ಬರೀ ಧೂಳಾದರೆ ರಿನ್ಸ್‌ಲೆಸ್ (ಆಮೇಲೆ ನೀರು ಹಾಯಿಸದೆ ಒರೆಸಿಯೇ ಮುಗಿಸುವ ದ್ರವ) ಬೇಗ ಮುಗಿಯುತ್ತದೆ, ನೀರೂ ಉಳಿಯುತ್ತದೆ. ಸಾಮಾನ್ಯ ಪ್ರಮಾಣ 1:256, ಅಂದರೆ ಹತ್ತು ಲೀಟರಿಗೆ ಸುಮಾರು 40 ಮಿಲಿ. ಹೆಚ್ಚು ಹಾಕಿದರೆ ಜಿಡ್ಡು ಗೆರೆ ಉಳಿಯುತ್ತದೆ. ಅದೇ ದ್ರವವನ್ನು ಮೊದಲು ಸ್ಪ್ರೇ ಮಾಡಿ ಒಂದು ನಿಮಿಷ ನೆನೆಸಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ. ಮುಖ ಕೊಳೆಯಾದ ಕೂಡಲೇ ಬದಲಿಸಿ, ಬಳಸಿದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು. ಮೈಕ್ರೋಫೈಬರ್ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಎಳೆಗಳ ಮೇಲೆ ಪೊರೆ ಕಟ್ಟಿ ನೀರು ಹೀರುವುದೇ ನಿಲ್ಲುತ್ತದೆ.

ಒಳಗೆ

ಡ್ಯಾಶ್‌ಬೋರ್ಡಿಗೆ ಹೊಳೆಯುವ ಸಿಲಿಕೋನ್ ಡ್ರೆಸ್ಸಿಂಗ್ ಮತ್ತು ನೀರಿನ ಆಧಾರದ ಮ್ಯಾಟ್ ಡ್ರೆಸ್ಸಿಂಗ್ ನಡುವೆ ಯೋಚಿಸುವುದಕ್ಕೇ ಏನಿಲ್ಲ, ಮ್ಯಾಟ್ ತೆಗೆದುಕೊಳ್ಳಿ. ಹೊಳೆಯುವುದು ವಿಂಡ್‌ಶೀಲ್ಡಿನಲ್ಲಿ ಪ್ರತಿಫಲಿಸಿ ಎದುರಿನ ರಸ್ತೆಯನ್ನೇ ಮಸುಕು ಮಾಡುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ದ್ರವವನ್ನು ಬಟ್ಟೆಗೆ ಹಾಕಿ, ನೇರ ಡ್ಯಾಶಿಗಲ್ಲ. ಸ್ಟಿಯರಿಂಗ್, ಪೆಡಲ್‌ಗಳಿಗೆ ಯಾವ ಡ್ರೆಸ್ಸಿಂಗೂ ಬೇಡ.

ಲೆದರ್ ಸೀಟಿನಲ್ಲಿ ಕಂಡೀಷನರ್ ಜಾಸ್ತಿ, ಕ್ಲೀನರ್ ಕಡಿಮೆ ಬಳಸುವವರೇ ಹೆಚ್ಚು. ಇಂದಿನ ಬಹುತೇಕ ಕಾರ್ ಲೆದರ್ ಮೇಲೆ ಬಣ್ಣದ ಪಾಲಿಯುರೆಥೇನ್ ಪದರ ಇರುತ್ತದೆ, ಎಣ್ಣೆ ಒಳಗಿಳಿಯದೆ ಮೇಲೆಯೇ ಕೂರುತ್ತದೆ. ಸೀಟು ಮಿರುಗುತ್ತಿದೆ ಅಂದರೆ ಮೈ ಜಿಡ್ಡು ಸೇರಿದೆ ಅಂತ. ಮೆತ್ತನೆ ಬ್ರಷ್‌ನಲ್ಲಿ ಲೆದರ್ ಕ್ಲೀನರಿನ ನೊರೆ ಉಜ್ಜಿ ತೇವದ ಬಟ್ಟೆಯಲ್ಲಿ ಒರೆಸಿದರೆ ಮೂಲದ ಮ್ಯಾಟ್ ಮುಖ ಹಿಂತಿರುಗುತ್ತದೆ.

ಬಟ್ಟೆ ಸೀಟಿಗೆ ಫೋಮ್ ಕ್ಲೀನರ್ ಬೇಗ ಮುಗಿಯುತ್ತದೆ, ಆದರೆ ಹೀರಿ ತೆಗೆಯದ ಸೋಪಿನ ಅಂಶ ಒಳಗೇ ಉಳಿದು ಮತ್ತೆ ಕೊಳೆ ಕರೆಯುತ್ತದೆ. ಎಕ್ಸ್‌ಟ್ರಾಕ್ಟರ್ (ನೀರು ಬಿಟ್ಟು ಮತ್ತೆ ಹೀರುವ ಯಂತ್ರ) ಅದನ್ನೂ ಎಳೆದು ತೆಗೆಯುತ್ತದೆ. ನೀರು ಒಂದು ಸಲ ಬಿಟ್ಟರೆ, ನೀರಿಲ್ಲದೆ ಬರೀ ಹೀರುವ ಎಳೆತ ಎರಡು ಮೂರು ಸಲ ಇರಲಿ. ಇಲ್ಲವಾದರೆ ಸ್ಪಂಜು ನೆನೆದು ಮುಗ್ಗಲು ವಾಸನೆ ಬರುತ್ತದೆ. ಕಲೆಯ ಜಾಗವನ್ನಷ್ಟೇ ಒದ್ದೆ ಮಾಡಿದರೆ ಒಣಗುವಾಗ ಒಳಗಿನ ಕೊಳೆ ನೀರಿನ ಜೊತೆ ಅಂಚಿಗೆ ಹರಿದು ಕಂದು ಉಂಗುರ ಕಟ್ಟುತ್ತದೆ. ಆದ್ದರಿಂದ ಒಂದು ಹೊಲಿಗೆಯಿಂದ ಮುಂದಿನ ಹೊಲಿಗೆಯವರೆಗೆ ಇಡೀ ಪಟ್ಟಿಯನ್ನು ಸಮನಾಗಿ ಒದ್ದೆ ಮಾಡಿ ಹೀರಿ, ಬಾಗಿಲು ತೆರೆದು ಫ್ಯಾನ್ ಹಚ್ಚಿ ಒಣಗಿಸಿ.