ಜಗಳದ ಪ್ರೀತಿ, ಕಣ್ಣೀರಿನ ಪ್ರೀತಿ: ಐದು ಕಾದಂಬರಿ ಅಕ್ಕಪಕ್ಕ ಇಟ್ಟು ಓದಿದಾಗ

ಈಚೆಗೆ ಪ್ರೇಮ ಕಾದಂಬರಿಗಳನ್ನೇ ಒಂದರ ಹಿಂದೆ ಒಂದು ಓದಿದೆ. ಕೆಲವು ಮೊದಲ ಸಲ, ಕೆಲವು ಮತ್ತೊಮ್ಮೆ. ಬೇಕಂತಲೇ ಜೋಡಿ ಮಾಡಿಕೊಂಡು ಓದಿದ್ದು. ಜಗಳದಿಂದ ಶುರುವಾಗುವ ಪ್ರೀತಿಯ ಎರಡು ಪುಸ್ತಕ, ಅಳಿಸುವ ಎರಡು ಪುಸ್ತಕ, ಯಾವ ಗುಂಪಿಗೂ ಸೇರದ ಒಂದು. ಐದೂ ಜನ ಕೈಯಿಂದ ಕೈಗೆ ದಾಟಿಸಿ ಓದಿದ ಪುಸ್ತಕಗಳೇ. ಆದರೆ ಅಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ಆ ಇಬ್ಬರ ನಡುವೆ ಅಡ್ಡ ನಿಂತಿರೋದು ಏನು ಅನ್ನೋದರ ಮೇಲೇ ಇಡೀ ಕಾದಂಬರಿ ನಿಂತಿರುತ್ತದೆ. ಆ ಅಡ್ಡಿ ಪೊಳ್ಳಾದರೆ ಮಾತುಕತೆ ಎಷ್ಟೇ ಚೆನ್ನಾಗಿದ್ದರೂ, ಮುತ್ತಿನ ಸೀನು ಎಷ್ಟೇ ಬಿಸಿಯಾಗಿದ್ದರೂ, ಮುಗಿಸಿದ ಮರುದಿನಕ್ಕೆ ಮನಸ್ಸಲ್ಲಿ ಏನೂ ಉಳಿಯುವುದಿಲ್ಲ.

ಕೊನೆಗಳನ್ನು ಬಿಚ್ಚಿಟ್ಟಿಲ್ಲ. ನಡುವಿನ ಕೆಲವು ತಿರುವು ಹೇಳಲೇಬೇಕು, ಇಲ್ಲದಿದ್ದರೆ ಹೋಲಿಕೆ ಆಗುವುದಿಲ್ಲ.

ಮೊದಲು ಜಗಳದ ಜೋಡಿ. ಒಂದು ಸ್ಯಾಲಿ ಥಾರ್ನ್ ಬರೆದ ‘ದಿ ಹೇಟಿಂಗ್ ಗೇಮ್’, 2016ರದ್ದು. ಇನ್ನೊಂದು ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’, 1813ರದ್ದು. ನಡುವೆ ಇನ್ನೂರು ವರ್ಷ ಇದೆ. ಆದರೂ ಎಳೆ ಒಂದೇ: ಮೊದಲು ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ, ಆಮೇಲೆ ಬಿಟ್ಟಿರಲು ಆಗುವುದಿಲ್ಲ.

‘ಹೇಟಿಂಗ್ ಗೇಮ್’ನ ಲೂಸಿ ಮತ್ತು ಜೋಶುವಾ ಒಂದೇ ಆಫೀಸಿನವರು. ಎರಡು ಪ್ರಕಾಶನ ಸಂಸ್ಥೆಗಳು ಸೇರಿ ಒಂದಾಗಿವೆ. ಹಾಗಾಗಿ ಬಾಸ್‌ಗಳೂ ಇಬ್ಬರು, ಅವರ ಸಹಾಯಕರಾದ ಇವರೂ ಇಬ್ಬರು, ಮೇಜುಗಳು ಎದುರುಬದುರು. ದಿನವಿಡೀ ಆಟ. ಕಣ್ಣು ಕದಲಿಸದೆ ದಿಟ್ಟಿಸುವ ಆಟ, ಒಬ್ಬರು ಮಾಡಿದ್ದನ್ನೇ ಇನ್ನೊಬ್ಬರು ಮಾಡುವ ಕನ್ನಡಿ ಆಟ, ಎಚ್‌ಆರ್‌ಗೆ ದೂರು ಕೊಡುವ ಆಟ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಣ್ಣ ವಿಷಯ ಇದೆ. ಜೋಶುವಾ ಶರ್ಟುಗಳನ್ನು ಒಂದು ಗೊತ್ತಾದ ಸರದಿಯಲ್ಲಿ ಹಾಕುತ್ತಾನೆ, ಯಾವ ಬಣ್ಣ ಆದಮೇಲೆ ಯಾವ ಬಣ್ಣ ಅನ್ನೋದು ಲೂಸಿಗೆ ಬಾಯಿಪಾಠ. ದ್ವೇಷಿಸುವವನ ಶರ್ಟಿನ ಬಣ್ಣವನ್ನು ಯಾರು ಹೀಗೆ ಲೆಕ್ಕ ಇಡುತ್ತಾರೆ? ಓದುವ ನಮಗೆ ಆಗಲೇ ಗೊತ್ತಾಗಿಬಿಡುತ್ತದೆ, ಅವಳಿಗೆ ಗೊತ್ತಾಗಿರುವುದಿಲ್ಲ. ಪುಸ್ತಕದ ಮೊದಲ ಅರ್ಧದ ಮಜಾ ಪೂರ್ತಿ ಇಲ್ಲಿದೆ. ಅವಳಿಗೆ ಜ್ವರ ಬಂದಾಗ ಅವನು ಆರೈಕೆ ಮಾಡುವ ಭಾಗವನ್ನಂತೂ ನಿಧಾನವಾಗಿ ಓದಿ, ಬೇಗ ಮುಗಿಸಬೇಡಿ.

ಆದರೆ ಮುಂದೆ ಹೋದಂತೆ ಗಾಳಿ ಇಳಿಯುತ್ತದೆ. ಯಾಕೆಂದರೆ ಕಥೆ ಬರೀ ಲೂಸಿಯ ಬಾಯಲ್ಲಿ ಬರುವುದರಿಂದ ಜೋಶುವಾನ ಬಿಗಿದ ಮುಖವನ್ನು ನಾವೂ ದ್ವೇಷ ಅಂದುಕೊಂಡಿರುತ್ತೇವೆ, ನೋಡಿದರೆ ಅವನಿಗೆ ಅವಳ ಮೇಲೆ ಮೊದಲಿನಿಂದಲೂ ಮನಸ್ಸಿತ್ತು. ಅಂದರೆ ಅಡ್ಡಿ ಅನ್ನೋದು ಇರಲೇ ಇಲ್ಲ, ಬರೀ ತಪ್ಪು ತಿಳಿವಳಿಕೆ. ಯಾರೂ ಬದಲಾಗಬೇಕಾದ ಅಗತ್ಯವೇ ಬರುವುದಿಲ್ಲ. ಇಬ್ಬರೂ ಒಂದೇ ಬಡ್ತಿಗೆ ಪೈಪೋಟಿ ಮಾಡುತ್ತಾರೆ ಅನ್ನೋದು ಒಂದು ನಿಜವಾದ ತೊಡಕು, ಅದನ್ನು ಲೇಖಕಿ ಇನ್ನೂ ಜಾಸ್ತಿ ಎಳೆದಾಡಬೇಕಿತ್ತು. ಬಡ್ತಿ ಸಿಕ್ಕವರು ಸಿಗದವರಿಗೆ ಬಾಸ್ ಆಗುತ್ತಾರೆ ಅಂದರೆ ಪ್ರೀತಿಗೆ ಏನಾಗಬಹುದು ಅನ್ನೋ ಪ್ರಶ್ನೆಯಲ್ಲೇ ಇನ್ನೊಂದು ನೂರು ಪುಟದ ಸತ್ವ ಇತ್ತು.

ಆಸ್ಟಿನ್ ಕಾದಂಬರಿಯಲ್ಲಿ ಒಟ್ಟು 61 ಅಧ್ಯಾಯ. ಡಾರ್ಸಿ ಎಲಿಜಬೆತ್‌ಗೆ ಮೊದಲ ಸಲ ಮದುವೆಯ ಮಾತು ಎತ್ತುವುದು 34ನೇ ಅಧ್ಯಾಯದಲ್ಲಿ, ಹೆಚ್ಚುಕಮ್ಮಿ ನಟ್ಟನಡುವೆ. ಬೇರೆ ಪ್ರೇಮಕಥೆಗಳು ಮುಗಿಯುವ ಜಾಗ ಅದು. ಇಲ್ಲಿ ಅಲ್ಲಿಂದಲೇ ನಿಜವಾದ ಕಥೆ ಶುರು. ಡಾರ್ಸಿ ಎಂಥ ಮಾತಾಡುತ್ತಾನೆ ಅಂದರೆ, ನಿನ್ನ ಮೇಲೆ ಎಷ್ಟು ಪ್ರೀತಿ ಅನ್ನೋದಕ್ಕಿಂತ ನಿನ್ನ ಮನೆತನ ನನ್ನದಕ್ಕಿಂತ ಎಷ್ಟು ಕೆಳಗೆ ಅನ್ನೋದೇ ಜಾಸ್ತಿ. ಅವಳು ಖಡಾಖಂಡಿತವಾಗಿ ಬೇಡ ಅನ್ನುತ್ತಾಳೆ. ಅವನಿಗೆ ವರ್ಷಕ್ಕೆ 10,000 ಪೌಂಡ್ ವರಮಾನ. ಅವಳ ಅಪ್ಪ ಸತ್ತರೆ ಮನೆ ಸೋದರ ಸಂಬಂಧಿಯ ಪಾಲು, ಐದು ಜನ ಹೆಣ್ಣುಮಕ್ಕಳಿಗೆ ನಿಲ್ಲಲು ನೆಲೆ ಇಲ್ಲ. ಅಂಥವಳು ಬೇಡ ಅಂದಳು ಅನ್ನೋದನ್ನು ಅವಳ ಗೆಳತಿ ಶಾರ್ಲೆಟ್ ಜೊತೆ ಇಟ್ಟು ನೋಡಿ. ಶಾರ್ಲೆಟ್ ನೆಲೆ ಬೇಕು ಅಂತಲೇ ಆ ಸೋದರ ಸಂಬಂಧಿಯನ್ನು, ಮಹಾ ಕೊರೆತದ ಮನುಷ್ಯನನ್ನು, ಕಟ್ಟಿಕೊಂಡಿರುತ್ತಾಳೆ. ಡಾರ್ಸಿ ಬಂದು ಕೇಳುವುದೂ ಅವಳ ಮನೆಯಲ್ಲೇ.

ಮರುದಿನ ಅವನು ಕಾಗದ ಕೊಡುತ್ತಾನೆ. ಎಲಿಜಬೆತ್ ಅದನ್ನು ಓದುವ ಅಧ್ಯಾಯಕ್ಕಾಗಿಯೇ ನಾನು ಈ ಪುಸ್ತಕಕ್ಕೆ ಮತ್ತೆ ಮತ್ತೆ ಬರುತ್ತೇನೆ. ಮೊದಲ ಓದಿನಲ್ಲಿ ಅವನ ಒಂದೊಂದು ಸಾಲೂ ಸುಳ್ಳು ಅನ್ನಿಸುತ್ತದೆ. ಇನ್ನು ಇದನ್ನು ನೋಡುವುದೇ ಇಲ್ಲ ಅಂತ ಮಡಚಿಡುತ್ತಾಳೆ. ಅರ್ಧ ನಿಮಿಷವೂ ತಾಳಲಾರದೆ ಮತ್ತೆ ಬಿಡಿಸುತ್ತಾಳೆ. ಈ ಸಲ ಒಂದೊಂದೇ ವಾಕ್ಯ ತೂಗಿ ನೋಡುತ್ತಾಳೆ, ವಿಕಮ್ ಅನ್ನೋ ಸೇನಾಧಿಕಾರಿ ಪರಿಚಯವಾದ ಹೊಸತರಲ್ಲೇ, ಇನ್ನೂ ಅಪರಿಚಿತಳಾದ ತನ್ನ ಮುಂದೆ ಡಾರ್ಸಿ ಮೇಲೆ ಅಷ್ಟೆಲ್ಲ ದೂರು ಹೇಳಿಕೊಂಡಿದ್ದು ಎಷ್ಟು ಅಸಹಜ ಅನ್ನೋದು ಈಗ ಹೊಳೆಯುತ್ತದೆ. ಯಾರೂ ಕಿರುಚುವುದಿಲ್ಲ, ಮುಟ್ಟುವುದಿಲ್ಲ, ಒಬ್ಬಳು ದಾರಿಯಲ್ಲಿ ಅಡ್ಡಾಡುತ್ತಾ ಕಾಗದ ಓದುತ್ತಿದ್ದಾಳೆ ಅಷ್ಟೇ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿ ಅಡ್ಡಿ ಇಬ್ಬರ ಒಳಗೂ ಇದೆ. ಅವಳು ವಿಕಮ್ ವಿಷಯದಲ್ಲಿ ತಪ್ಪಿದ್ದಳು, ಆದರೆ ಡಾರ್ಸಿಯ ಸೊಕ್ಕಿನ ಬಗ್ಗೆ ಆಡಿದ ಮಾತು ಸರಿಯಾಗೇ ಇತ್ತು. ಹಾಗಾಗಿ ಇಬ್ಬರೂ ಬದಲಾಗಲೇಬೇಕು.

ಆಸ್ಟಿನ್ ನಿಧಾನ ಅಂತ ಕೆಲವರು ಪಕ್ಕಕ್ಕಿಡುತ್ತಾರೆ. ನಿಜ, ಮೊದಲ ಹತ್ತು ಹದಿನೈದು ಅಧ್ಯಾಯ ಭೇಟಿ, ನೃತ್ಯ, ಊಟ, ಮತ್ತೆ ಭೇಟಿ. ಎಲಿಜಬೆತ್‌ಳ ಅಪ್ಪ ಅಮ್ಮನ ಮಾತುಗಳನ್ನು ಸವಿಯುತ್ತಾ ದಾಟಿಬಿಡಿ. ಆಫೀಸಿನಿಂದ ಸುಸ್ತಾಗಿ ಬಂದ ದಿನ ಬೇಕಾದರೆ ಥಾರ್ನ್ ಪುಸ್ತಕವೇ ಸರಿ, ಒಪ್ಪುತ್ತೇನೆ. ಎರಡನೇ ಸಲ ಓದಲು ಮಾತ್ರ ನನಗೆ ಆಸ್ಟಿನ್ನೇ ಬೇಕು.

ಇನ್ನು ಅಳಿಸುವ ಜೋಡಿ. ಡೇವಿಡ್ ನಿಕೋಲ್ಸ್ ಬರೆದ ‘ಒನ್ ಡೇ’ 2009ರದ್ದು, ಜೋಜೋ ಮೋಯ್ಸ್ ಬರೆದ ‘ಮಿ ಬಿಫೋರ್ ಯು’ 2012ರದ್ದು. ಎರಡಕ್ಕೂ ಕರ್ಚೀಫು ಬೇಕು. ಆದರೆ ಅಳುವ ಕಾರಣ ಒಂದೇ ಅಲ್ಲ.

ಮೋಯ್ಸ್ ಕಥೆಯಲ್ಲಿ ಲೂಯಿಸಾ ಕೆಲಸ ಮಾಡುತ್ತಿದ್ದ ಕೆಫೆ ಮುಚ್ಚುತ್ತದೆ. ಮನೆ ನಡೆಯುವುದೇ ಅವಳ ಸಂಬಳದ ಮೇಲೆ. ಹಾಗಾಗಿ ಅಪಘಾತದಲ್ಲಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ವಿಲ್‌ನ ಆರೈಕೆಗೆ ಸೇರುತ್ತಾಳೆ, ಆರು ತಿಂಗಳ ಕರಾರು. ಆರೇ ತಿಂಗಳು ಯಾಕೆ ಅನ್ನೋದು ಗೊತ್ತಾದಾಗ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಸಣ್ಣ ಸಣ್ಣ ಸಂಗತಿಗಳಲ್ಲಿ ಮೋಯ್ಸ್ ತುಂಬಾ ಜಾಣೆ. ಲೂಯಿಸಾಗೆ ಚಿಕ್ಕಂದಿನಲ್ಲಿ ಹಳದಿ ಕಪ್ಪು ಪಟ್ಟೆಯ ಉದ್ದ ಕಾಲುಚೀಲ ಅಂದರೆ ಪ್ರಾಣ. ಅದನ್ನು ನೆನಪಿಟ್ಟುಕೊಂಡು ವಿಲ್ ಅವಳ ಹುಟ್ಟುಹಬ್ಬಕ್ಕೆ ಅಂಥದ್ದೇ ಒಂದು ಜೊತೆ ತರಿಸಿಕೊಡುತ್ತಾನೆ. ಅದೇ ಹೊತ್ತಲ್ಲಿ ಅವಳ ಬಾಯ್‌ಫ್ರೆಂಡ್ ಕೊಟ್ಟ ಉಡುಗೊರೆಯನ್ನು ಪಕ್ಕದಲ್ಲಿಟ್ಟರೆ ಸಾಕು, ಯಾರು ಅವಳ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ ಅಂತ ತಿಳಿದುಹೋಗುತ್ತದೆ.

ಆದರೂ ನನ್ನದೊಂದು ತಕರಾರು ಇದೆ, ಅದನ್ನು ಬಿಡಲು ನಾನು ಸಿದ್ಧ ಇಲ್ಲ. ನಡುನಡುವೆ ವಿಲ್‌ನ ಅಮ್ಮ, ಅಪ್ಪ, ನರ್ಸ್, ಲೂಯಿಸಾಳ ತಂಗಿ ಎಲ್ಲರಿಗೂ ಒಂದೊಂದು ಅಧ್ಯಾಯ ಸಿಗುತ್ತದೆ. ಅಪಘಾತದ ದಿನದ ಪುಟ್ಟ ಆರಂಭ ಬಿಟ್ಟರೆ ವಿಲ್‌ಗೆ ಸಿಗುವುದಿಲ್ಲ. ಬದುಕಬೇಕೋ ಬೇಡವೋ ಅನ್ನೋ ಪ್ರಶ್ನೆ ಅವನದು, ಎಲ್ಲರೂ ಅವನ ಬಗ್ಗೆ ಮಾತಾಡುತ್ತಾರೆ, ಅವನ ರಾತ್ರಿಗಳು ಹೇಗಿರುತ್ತವೆ ಅನ್ನೋದನ್ನು ಅವನ ಒಳಗಿನಿಂದ ನಾವು ನೋಡುವುದೇ ಇಲ್ಲ. 2016ರಲ್ಲಿ ಸಿನಿಮಾ ಬಂದಾಗ ಅಂಗವಿಕಲರ ಹಕ್ಕಿನ ಹೋರಾಟಗಾರರು ಪ್ರತಿಭಟಿಸಿದ್ದರು. ಇಂಥ ದೇಹದ ಬದುಕು ಬದುಕೇ ಅಲ್ಲ ಅನ್ನೋ ಹಾಗೆ ಕಥೆ ತೋರಿಸುತ್ತದೆ ಅನ್ನೋದು ಅವರ ಮಾತು. ಪುಸ್ತಕ ಮುಗಿಸಿದ ಮೇಲೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

‘ಒನ್ ಡೇ’ಯ ಕಟ್ಟೋಣವೇ ಬೇರೆ. 1988ರ ಜುಲೈ 15, ಎಡಿನ್‌ಬರ್ಗ್‌ನಲ್ಲಿ ಪದವಿ ಮುಗಿದ ರಾತ್ರಿ ಎಮ್ಮಾ ಮತ್ತು ಡೆಕ್ಸ್ಟರ್ ಒಟ್ಟಿಗಿದ್ದಾರೆ. ಆಮೇಲೆ ವರ್ಷ ವರ್ಷವೂ ಅದೇ ತಾರೀಖು, ಇಬ್ಬರೂ ಎಲ್ಲಿದ್ದಾರೆ ನೋಡೋಣ ಅಂತ ಕಥೆ ಮುಂದಕ್ಕೆ ಹೋಗುತ್ತದೆ. ದೊಡ್ಡ ದೊಡ್ಡ ಘಟನೆಗಳು ಎಷ್ಟೋ ಸಲ ಅಧ್ಯಾಯಗಳ ಸಂದಿಯಲ್ಲಿ ನಡೆದುಹೋಗಿರುತ್ತವೆ, ಏನಾಯಿತು ಅಂತ ನಾವೇ ಜೋಡಿಸಿಕೊಳ್ಳಬೇಕು. ಇವರ ನಡುವೆ ಖಳನಾಯಕ ಇಲ್ಲ, ರೋಗ ಇಲ್ಲ. ಅವಳಿಗೆ ತನ್ನ ಮೇಲೆ ನಂಬಿಕೆ ಕಮ್ಮಿ. ಅವನಿಗೆ ಟಿವಿಯ ಹೆಸರು, ಕುಡಿತ, ಪಾರ್ಟಿ. ಹಾಗೇ ವರ್ಷಗಳು ಕಳೆಯುತ್ತವೆ. ಒಂದು ರೆಸ್ಟೋರೆಂಟ್ ಊಟದ ಅಧ್ಯಾಯ ಇದೆ. ಅವನು ನೆಟ್ಟಗೆ ಕೂತು ಮಾತಾಡುವ ಸ್ಥಿತಿಯಲ್ಲಿಲ್ಲ, ಪ್ರೀತಿ ಇದೆ ಆದರೆ ನೀನು ಈಗ ನನಗೆ ಇಷ್ಟ ಆಗುತ್ತಿಲ್ಲ ಅಂತ ಅವಳು ಹೇಳಿ ಹೋಗಿಬಿಡುತ್ತಾಳೆ. ಹಳೇ ಸ್ನೇಹ ಕಳಚಿಕೊಳ್ಳುವ ನೋವನ್ನು ಇಷ್ಟು ನೇರವಾಗಿ ಬರೆದ ಪ್ರೇಮ ಕಾದಂಬರಿ ನಾನು ಬೇರೆ ಓದಿಲ್ಲ.

ಇದರಲ್ಲೂ ಒಂದು ಕಾಗದ ಬರುತ್ತದೆ. ಇಪ್ಪತ್ತರ ಹರೆಯದ ಡೆಕ್ಸ್ಟರ್ ಬಾಂಬೆಯಲ್ಲಿ ಕೂತು ಎಮ್ಮಾಗೆ ಉದ್ದಕ್ಕೆ ಬರೆಯುತ್ತಾನೆ, ನೀನೂ ಬಾ ಅಂತ. ಅದು ಅವಳಿಗೆ ಸೇರುವುದೇ ಇಲ್ಲ. ಡಾರ್ಸಿಯ ಕಾಗದ ಕೈಸೇರಿ ಇಬ್ಬರ ಬದುಕು ತಿರುಗಿತು. ಇವನದು ಕಳೆದುಹೋಯಿತು, ಅದು ಇತ್ತು ಅಂತ ಕೂಡ ಅವಳಿಗೆ ಗೊತ್ತಿಲ್ಲ. ಇಲ್ಲಿ ನಿಕೋಲ್ಸ್ ಮೇಲೆ ಸ್ವಲ್ಪ ಬೇಜಾರಾಯಿತು, ಯಾಕೆಂದರೆ ಆಕಸ್ಮಿಕದ ಮೇಲೆ ಅಷ್ಟು ಭಾರ ಹಾಕಬೇಕಿರಲಿಲ್ಲ. ಡೆಕ್ಸ್ಟರ್ ಇನ್ನೊಂದು ಕಾಗದ ಯಾಕೆ ಬರೆಯಲಿಲ್ಲ ಅನ್ನೋದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಅವನ ಸ್ವಭಾವದಲ್ಲೇ ಇದೆ, ಪುಸ್ತಕ ಮುಂದೆ ಅದನ್ನು ಚೆನ್ನಾಗಿ ತೋರಿಸುತ್ತದೆ ಕೂಡ. ನಾನು ಜಾಸ್ತಿ ಅತ್ತಿದ್ದು ಮೋಯ್ಸ್ ಓದಿ. ಜಾಸ್ತಿ ದಿನ ತಲೆಯಲ್ಲಿ ಉಳಿದಿದ್ದು ನಿಕೋಲ್ಸ್. ಒಂದನ್ನೇ ಆರಿಸಿ ಅಂದರೆ ‘ಒನ್ ಡೇ’.

ಐದನೆಯದು ಡ್ಯಾಫ್ನಿ ಡು ಮಾರಿಯೇ ಬರೆದ ‘ರೆಬೆಕಾ’, 1938ರದ್ದು. ಪ್ರೇಮಕಥೆ ಅಂತ ಮಾರುತ್ತಾರೆ, ನನಗೆ ಅದು ಭಯದ ಕಥೆ. ದೊಡ್ಡ ಬಂಗಲೆಯ ಯಜಮಾನನ ಎರಡನೇ ಹೆಂಡತಿಯಾಗಿ ಬರುವ ಹುಡುಗಿಗೆ ಪುಸ್ತಕದ ಕೊನೆಯವರೆಗೂ ಹೆಸರೇ ಇಲ್ಲ. ಸತ್ತ ಮೊದಲ ಹೆಂಡತಿಯ ಹೆಸರೇ ಪುಸ್ತಕದ ಹೆಸರು. ಒಂದು ದಿನ ಪಿಂಗಾಣಿಯ ಗೊಂಬೆಯೊಂದು ಇವಳ ಕೈಜಾರಿ ಒಡೆಯುತ್ತದೆ. ಮನೆಯೊಡತಿ ಇವಳೇ, ಆದರೂ ಚೂರುಗಳನ್ನು ಡ್ರಾಯರ್‌ನಲ್ಲಿ ಬಚ್ಚಿಡುತ್ತಾಳೆ, ಬೈಗುಳ ಕೆಲಸದವನ ತಲೆಗೆ ಬರುವವರೆಗೂ ಬಾಯಿ ಬಿಡುವುದಿಲ್ಲ. ಆ ಮನೆಯಲ್ಲಿ ಅವಳ ಸ್ಥಾನ ಏನು ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ. ಗಂಡನ ಪ್ರೀತಿಯನ್ನು ಹುಡುಕಿಕೊಂಡು ಇದನ್ನು ಓದಿದರೆ ನಿರಾಸೆ ಆಗುತ್ತದೆ, ಆ ಮನುಷ್ಯ ಪ್ರೀತಿಯ ಮಾತಾಡುವುದೇ ಅಪರೂಪ. ಥ್ರಿಲ್ಲರ್ ಇಷ್ಟಪಡುವವರ ಕೈಗೆ ಕೊಡಿ, ಅದೂ ಸಿನಿಮಾ ನೋಡುವ ಮೊದಲೇ.